ಅಮಾನತ್ತಾದ ಬಲಗಾಲು

ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳಲ್ಲಿ ತೀರ್ಪು ಹೇಳುವವರಿಗೆ ಎಂದೂ ಬರವಿಲ್ಲ; ಬರವಿರುವುದು ತರಬೇತಿ ಪಡೆದು ತೀರ್ಪು ಹೇಳುವವರಿಗೆ ಮಾತ್ರ. ಆದಕಾರಣ ಎರಡೂ ತಾಲೂಕುಗಳ ಕಾಲ್ಚೆಂಡು ಉತ್ತೇಜನ ಸಮಿತಿಯು ಹೊಸ ಫುಟ್‌ಬಾಲ್ ರೆಫರಿಗಳಿಗಾಗಿ ಶಿಬಿರ ಏರ್ಪಡಿಸಿತು. ಅಧ್ಯಕ್ಷರಾದ ಅಶೋಕಕುಮಾರ ಸಾಹೇಬರು ನಿವೃತ್ತ ಕಚೇರಿ ಅಧೀಕ್ಷಕರು. ಫುಟ್‌ಬಾಲ್ ಬಗ್ಗೆ ಅವರಿಗೆ ಯಾವ ಪೂರ್ವಾಗ್ರಹವೂ ಇರಲಿಲ್ಲ. ಅವರು ಅದನ್ನು ನೋಡಿರಲಿಲ್ಲ.

ಪಾಠಗಳು ಬಸವಕಲ್ಯಾಣದಲ್ಲಿ ನಡೆದವು. ತರಬೇತುದಾರ ಶಂಶುದ್ದೀನ್ ಮಾಸ್ತರರು ಆಫ್‌ಸೈಡ್ ನಿಯಮ ವಿವರಿಸುತ್ತಿದ್ದಾಗ ಅಧ್ಯಕ್ಷರು ಎದ್ದುನಿಂತರು.

"ಮಾಸ್ತರ್, ಮುಂದ ಹೋದಂವಗ ಶಿಕ್ಷಾ ಕೊಟ್ರ ನಮ್ಮ ಹುಡುಗರು ಮುಂದ ಬರೋದು ಹ್ಯಾಂಗ್ರಿ?"

ನಿಯಮವನ್ನು ಮುಂದಿನ ಸಭೆಯವರೆಗೆ ತಡೆಹಿಡಿಯಲಾಯಿತು. ರೆಫರಿ ಎಲ್ಲಿ ನಿಲ್ಲಬೇಕೆಂಬ ವಿಷಯದಲ್ಲಿ ಮಾತ್ರ ಒಮ್ಮತವಿತ್ತು: ವೇದಿಕೆಗೂ ಚೆಂಡಿಗೂ ನಡುವೆ ನಿಲ್ಲತಕ್ಕದ್ದಲ್ಲ. ಆಟ ನಿಭಾಯಿಸುವ ವಿಷಯವನ್ನು ಸಮಿತಿ ತನ್ನ ಬಳಿಯೇ ಇಟ್ಟುಕೊಂಡಿತು.

ಶಿಬಿರದಲ್ಲಿದ್ದ ಒಬ್ಬಳೇ ಹುಡುಗಿ ಮೋರಖಂಡಿಯ ಸ್ನೇಹಲ. ತಾಯಿ ಸುಂದರಬಾಯಿ ಕೂಲಿಗೆ ಹೋಗುವ ಹೊಲದ ಬದುವಿನ ಮೇಲೆ ಸೀಟಿ ಊದುತ್ತ ಓಡಿ ಅಭ್ಯಾಸ ಮಾಡಿದವಳು. ಪ್ರಮಾಣಪತ್ರ ಸಿಕ್ಕರೆ ಜಿಲ್ಲೆಯ ಪಂದ್ಯಗಳಿಗೆ ಅವಳನ್ನು ಕರೆಯುತ್ತಿದ್ದರು.

ಪರೀಕ್ಷೆಯ ಪಂದ್ಯ ಹುಮನಾಬಾದದಲ್ಲಿ, ಹುಮನಾಬಾದ ಮತ್ತು ಮಂಠಾಳ ತಂಡಗಳ ನಡುವೆ; ರೆಫರಿ ಸ್ನೇಹಲ. ಹುಮನಾಬಾದದ ನಾಯಕ ಸೂರ್ಯಕಾಂತ ಅಧ್ಯಕ್ಷರ ಅಕ್ಕನ ಮಗ. ಚೆಂಡನ್ನು ಅವಚಿಕೊಂಡು ಬಿದ್ದಿದ್ದ ಮಂಠಾಳದ ಗೋಲ್‌ಕೀಪರ್ ವೈಜಿನಾಥನ ಪಕ್ಕೆಗೆ ಅವನು ಓಡಿಬಂದು ಒದ್ದ. ಸ್ನೇಹಲ ಸೀಟಿ ಊದಿ ಕೆಂಪು ಕಾರ್ಡು ಎತ್ತಿದಳು.

ಅಧ್ಯಕ್ಷರು ಮೈಕ್ ಹಿಡಿದರು. "ತಂಗಿ, ಏನ್ ತೋರಸಾಕತ್ತಿ?"

"ಕೆಂಪು ಕಾರ್ಡ್ರಿ ಸಾಹೇಬ್ರ. ಅಂವ ಹೊರಗ ಹೋಗಬೇಕ್ರಿ."

"ನೋಟಿಸ್ ಕೊಟ್ಟಿಯೇನು?"

"ಒದ್ಯಾನ್ರಿ!"

"ಅದು ಆರೋಪ. ವಿಚಾರಣಾ ಆಗಬೇಕು. ಕಾರ್ಡ್ ಒಳಗ ಇಟ್ಕೋ, ನಿನ್ನ ಪ್ರಮಾಣಪತ್ರ ತಯಾರ್ ಅದ."

ವೈಜಿನಾಥ ಇನ್ನೂ ಪಕ್ಕೆ ಹಿಡಿದುಕೊಂಡೇ ಇದ್ದ. ಗೆರೆಯಾಚೆಯಿಂದ ಸುಂದರಬಾಯಿ ಕೂಗಿದಳು, "ಕೈ ಇಳಸಬ್ಯಾಡವ್ವಾ!"

"ಇಟ್ಕೊಳ್ಳಂಗಿಲ್ರಿ," ಎಂದಳು ಸ್ನೇಹಲ.

ವೇದಿಕೆಯ ಮೇಲೆ ಚಹಾ ಸಹಿತ ತುರ್ತುಸಭೆ ಸೇರಿತು. ನಂತರ ಪ್ರಕಟಣೆ ಹೊರಟಿತು:

"ಆಟಗಾರ ಸೂರ್ಯಕಾಂತ ಇವರನ್ನು ವಿಚಾರಣೆ ಕಾಯ್ದಿರಿಸಿ ತಕ್ಷಣದಿಂದ ಅಮಾನತ್ತಿನಲ್ಲಿಡಲಾಗಿದೆ. ಸದರಿಯವರು ಕೇಂದ್ರಸ್ಥಾನವಾದ ಮೈದಾನವನ್ನು ಅನುಮತಿಯಿಲ್ಲದೆ ಬಿಡತಕ್ಕದ್ದಲ್ಲ. ಜೀವನಾಧಾರಕ್ಕಾಗಿ ಅರ್ಧ ಭತ್ಯೆ, ಅಂದರೆ ಎಡಗಾಲು, ಬಳಸಲು ಅರ್ಹರಿರುತ್ತಾರೆ."

"ಇದು ಯಾವ ನಿಯಮದಾಗ ಅದರಿ?" ಎಂದು ಸ್ನೇಹಲ ಅಧ್ಯಕ್ಷರನ್ನು ಕೇಳಿದಳು.

"ನೌಕರರ ನಿಯಮದಾಗ. ನೌಕರಿ ತುಂಬ ಇದನ್ನೇ ನಡಸೀನಿ. ಒಬ್ಬರೂ ಹೊರಗ ಹೋಗಿಲ್ಲ."

ಶಂಶುದ್ದೀನ್ ಮಾಸ್ತರರು ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಬೇಟಾ, ಅರ್ಧಾ ಆದ್ರೂ ಹೋದನಲ್ಲ."

ಅವಳು ಕೈ ಇಳಿಸಿದಳು.

ಸೂರ್ಯಕಾಂತ ಎಡಗಾಲಿನಿಂದಲೇ ಗೋಲು ಹೊಡೆದ. ಅದನ್ನು ಅರ್ಧ ಗೋಲೆಂದು ಮಂಜೂರು ಮಾಡಿ, ಆತ ನಿರ್ದೋಷಿಯೆಂದು ಸಾಬೀತಾದರೆ ಉಳಿದರ್ಧವನ್ನು ಹಿಂಬಾಕಿಯಾಗಿ ಕೊಡುವುದೆಂದು ಠರಾಯಿಸಲಾಯಿತು. ಹುಮನಾಬಾದ ಅರ್ಧ ಗೋಲಿನಿಂದ ಗೆದ್ದಿತು. ಮಂಠಾಳದವರು ಅರ್ಧವೇ ಸೋತೆವೆಂದು ಹಲಿಗೆ ಬಾರಿಸುತ್ತ ಊರಿಗೆ ಹೋದರು. ಅಮಾನತ್ತು ಜಾರಿಗೆ ತಂದ ಮೊದಲ ರೆಫರಿ ಎಂದು ಸ್ನೇಹಲಳಿಗೆ ಶಾಲು ಹೊದಿಸಿ ಪ್ರಮಾಣಪತ್ರ ಕೊಟ್ಟರು. ಅಂದಿನ ಊಟ ಅವಳಿಗೆ ಸೇರಲಿಲ್ಲ.

ಪದ್ಧತಿ ಎರಡೂ ತಾಲೂಕುಗಳಲ್ಲಿ ಹಬ್ಬಿತು. ಮುಂದೆಂದಾದರೂ ಅಮಾನತ್ತು ಆಗಬಹುದೆಂಬ ಭರವಸೆಯಿಂದ ಹುಡುಗರು ಈಗ ಎಡಗಾಲನ್ನೇ ಹೆಚ್ಚು ಪಳಗಿಸುತ್ತಾರೆ.

ಮೊನ್ನೆ ಕೊಡಂಬಲದ ಪಂದ್ಯದಲ್ಲಿ, ಅಮಾನತ್ತಿನಲ್ಲಿದ್ದ ಆಟಗಾರನೊಬ್ಬ ಎದುರಾಳಿಯ ಮೊಣಕಾಲಿಗೆ ಒದ್ದ. ಸ್ನೇಹಲ ಸೀಟಿ ಊದಿ ಕಾರ್ಡಿಗೆ ಕೈ ಹಾಕಿದಳು. ಒದ್ದವನ ಗೆಳೆಯರು ಓಡಿಬಂದರು.

"ಮೇಡಂ, ಎಡಗಾಲಿಂದ ಒದ್ಯಾನ್ರಿ. ನಿಯಮದಾಗೇ ಅದ."

ಸ್ನೇಹಲ ಒದೆಸಿಕೊಂಡವನ ಕಡೆ ನೋಡಿದಳು. ಅವನು ನೆಲದ ಮೇಲೆ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ.

"ಹೌದ್ರಿ ಮೇಡಂ," ಎಂದ, "ಎಡಗಾಲೇ ಇತ್ರಿ. ಆಟ ಚಾಲೂ ಮಾಡ್ರಿ."