ಮೂರನೇ ಮತ್ತು ನಾಲ್ಕನೇ ಸ್ಟೂಲಿನ ನಡುವೆ ನಿಂತಿರುವ ಹಲಗೆಯವರಿಗೆ

ಕೋಳಿ ಸುಡುವ ಹೊಗೆಯಲ್ಲೂ ಮುಖ ಮಸುಕಾಗದ, ದಿನಕ್ಕೆ ಎಂಟು ಸಲ ಸ್ಪಿರಿಟ್ಟಿನ ಅಭ್ಯಂಜನ ಮಾಡಿಸಿಕೊಳ್ಳುವ ಮಾನ್ಯ ಪಾರದರ್ಶಕ ಹಲಗೆಯವರೇ,

ಫುಕುವೊಕಾದ ತೋರಿಮಾಸು ಎಂಬ ಸುಟ್ಟ ಕೋಳಿಯ ಅಂಗಡಿಯ ಮೂರನೇ ಸ್ಟೂಲಿನಿಂದ ಹಿಸಾತೊಮಿ ಗೆನ್‌ಜೋ ಮಾಡುವ ನಮಸ್ಕಾರಗಳು. ಮೊದಲೇ ಹೇಳಿಬಿಡುತ್ತೇನೆ, ಈ ಕಾಗದ ಬರೆಯುವುದು ನನಗೆ ಸುತರಾಂ ಇಷ್ಟವಿಲ್ಲ. ಹದಿಮೂರನೇ ವಯಸ್ಸಿಗೆ ಶಾಲೆ ಬಿಟ್ಟು ಅಪ್ಪನ ಪಕ್ಕ ತತಾಮಿ ಚಾಪೆ ಹೊಲಿಯಲು ಕೂತವನು ನಾನು. ಎಪ್ಪತ್ನಾಲ್ಕು ವರ್ಷ ಎಲ್ಲ ಜಗಳವನ್ನೂ ಬಾಯಲ್ಲೇ ಮುಗಿಸಿದ್ದೇನೆ. ಆದರೆ ಅಂಗಡಿಯ ಒಡತಿ ಫುಸಾಯೆ ಅವರು, "ಯಜಮಾನ್ರೇ, ನೀವು ಬೈದ್ರೆ ಉಗುಳು ಒಲೆವರೆಗೂ ಹಾರುತ್ತೆ. ದೂರೇನಾದ್ರೂ ಇದ್ರೆ ಬರೆದು ಕೊಡಿ, ಇಲ್ಲಾಂದ್ರೆ ಬಾಯ್ಮುಚ್ಕೊಂಡು ಕೋಳಿ ತಿನ್ನಿ" ಎಂದು ಪೆನ್ನು ಕೈಗಿಟ್ಟರು. ಪೆನ್ನಿಗೂ ಸ್ಪಿರಿಟ್ಟು ಹಚ್ಚಿದ್ದರು. ಜಾರುತ್ತಿದೆ.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. ಈ ಕೊರೊನಾ ಬಂದಾಗಿನಿಂದ ಸರ್ಕಾರದವರು ಎಂಟಕ್ಕೆ ಬಾಗಿಲು ಹಾಕಿ ಎಂದರು, ಒಂಬತ್ತಕ್ಕೆ ಎಂದರು, ಕುಡಿಸಬೇಡಿ ಎಂದರು, ಈಗ ಕುಡಿಸಿ ಎನ್ನುತ್ತಿದ್ದಾರೆ. ತಾವು ಮಾತ್ರ ಒಂದಿಂಚು ಕದಲಲಿಲ್ಲ. ಇನ್ನು ತಮ್ಮನ್ನು ಇಲ್ಲಿಗೆ ಕರೆಸಿದ ಪುಣ್ಯಾತ್ಮ ಯಾರು ಎಂಬುದು ತಮಗೆ ತಿಳಿದಿರಲಿಕ್ಕಿಲ್ಲ. ನಾನೇ.

ಕಳೆದ ಡಿಸೆಂಬರಿನಲ್ಲಿ ಪಕ್ಕದ ನಾಲ್ಕನೇ ಸ್ಟೂಲಿನಲ್ಲಿ ಕ್ಷೌರಿಕ ಮಿಜೊಕಾಮಿ ಕೂತಿದ್ದ. ಇಪ್ಪತ್ತಾರು ವರ್ಷದಿಂದ ಅವನು ಅಲ್ಲಿ, ನಾನು ಇಲ್ಲಿ. ಇಬ್ಬರ ನಡುವೆ ಒಂದೇ ತಟ್ಟೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಚರ್ಮ, ಒಂದೇ ಬಟ್ಟಲು ಕೋಸಿನೆಲೆ. ಅಂದು ಅವನು ಕೆಮ್ಮಿದ. ಎರಡೇ ಸಲ. ನಾನು ಎದ್ದು ನಿಂತು, "ಹೊರಗೆ ಹೋಗಿ ಕೆಮ್ಮೋ! ನಮ್ಮನ್ನೆಲ್ಲ ಸಾಯಿಸ್ತೀಯಾ?" ಎಂದು ಇಡೀ ಅಂಗಡಿ ಕೇಳುವಂತೆ ಕೂಗಿ, ನಡುವೆ ಒಂದು ಹಲಗೆ ನಿಲ್ಲಿಸಿ ಎಂದು ಒಡತಿಗೆ ಅಪ್ಪಣೆಯನ್ನೂ ಮಾಡಿದೆ. ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಅವನು ಹೋದ ಮೇಲೆ ಒಂದು ಕಡ್ಡಿ ಬಾಯಿಗಿಟ್ಟೆ. ನಾನೂ ಕೆಮ್ಮಿದೆ. ತಟ್ಟೆಯ ಮೇಲೆ ಮೆಣಸಿನ ಪುಡಿಯ ಗುಡ್ಡೆಯೇ ಇತ್ತು. ಉದುರಿಸಿದವನೂ ನಾನೇ. ಇಂಥ ದೊಡ್ಡ ಬುದ್ಧಿ ಈ ಚಿಕ್ಕ ತಲೆಯಲ್ಲಿ ಹೇಗೆ ಹಿಡಿಸಿದೆಯೋ ಗೊತ್ತಿಲ್ಲ.

ಅವನ ಮನೆಗೆ ಹೋಗಿ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವನ ಮನೆ, ಕ್ಷೌರದಂಗಡಿ ಎಲ್ಲಿವೆ ಎಂದು ನನಗೆ ಗೊತ್ತಿಲ್ಲ. ಫೋನ್ ನಂಬರೂ ಇಲ್ಲ. ಸ್ಟೂಲಿನ ಗೆಳೆತನ ಸ್ಟೂಲಿನಲ್ಲೇ ಇರುತ್ತದೆ. ಹತ್ತು ತಿಂಗಳು ನಾನು ತಮ್ಮ ಆಚೆಯ ಖಾಲಿ ಸ್ಟೂಲನ್ನು ನೋಡುತ್ತ ತಿಂದೆ. ತಾವು ಎಷ್ಟು ಶುಭ್ರವಾಗಿದ್ದಿರಿ ಎಂದರೆ, ಆ ಸ್ಟೂಲಿನ ಸೀಟು ಹರಿದದ್ದೂ ಕಾಣುತ್ತಿತ್ತು.

ಅಕ್ಟೋಬರಿನಲ್ಲಿ ಬೀರು ಮತ್ತೆ ಬಂತು, ಮಿಜೊಕಾಮಿಯೂ ಬಂದ. ಅದೇ ಸ್ಟೂಲಿನಲ್ಲಿ ಕೂತ. ನನ್ನ ಕಡೆ ನೋಡಲಿಲ್ಲ. ತನ್ನ ಗ್ಲಾಸಿಗೆ ತಾನೇ ಸುರಿದುಕೊಂಡ. ಇಪ್ಪತ್ತಾರು ವರ್ಷದಲ್ಲಿ ನಮ್ಮಿಬ್ಬರಲ್ಲಿ ಯಾರೂ ತಮ್ಮ ಗ್ಲಾಸಿಗೆ ತಾವೇ ಸುರಿದುಕೊಂಡವರಲ್ಲ. ಅವನದು ನಾನು ತುಂಬಬೇಕು, ನನ್ನದು ಅವನು. ನಮ್ಮಂಥ ಗಂಡಸರು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಬಾಟಲಿ ಎತ್ತುತ್ತೇವೆ, ಅವನು ಗ್ಲಾಸು ಮುಂದೆ ಹಿಡಿದರೆ ಮುಗಿಯಿತು. ಹೇಳೋಣವೆಂದರೂ ಗೋಡೆಯ ಮೇಲೆ 'ತಿನ್ನುವಾಗ ಮಾತು ಬೇಡ' ಎಂಬ ಚೀಟಿ ಬೇರೆ.

ಹಾಗಾಗಿ ನಾನು ಬಾಟಲಿಯನ್ನು ತಮ್ಮ ನೆತ್ತಿಯ ಮೇಲಿಂದ ಆಚೆಗೆ ದಾಟಿಸಿದೆ. ಮಾಸ್ಕಿನ ಉಸಿರಿಗೆ ಕನ್ನಡಕದ ತುಂಬ ಮಂಜು. ಅಂದಾಜಿನ ಮೇಲೆ ಸುರಿದೆ. ಬೀರು ತಮ್ಮ ಬೆನ್ನ ಮೇಲೆ ಇಳಿದು, ಅವನ ಕೋಳಿಚರ್ಮವನ್ನು ತೋಯಿಸಿ, ಅವನ ಅಂಗಿಯ ತೋಳಿನೊಳಗೆ ಹೊಕ್ಕಿತು. "ಕೆಮ್ಮಿದ್ದಕ್ಕೆ ಇವತ್ತು ಸ್ನಾನ ಮಾಡಿಸ್ತಿದೀಯೇನೋ, ಗೆನ್?" ಎಂದ. ಹತ್ತು ತಿಂಗಳಲ್ಲಿ ಅವನು ನನಗೆ ಹೇಳಿದ ಮೊದಲ ಮಾತು. ನಾನು ಬಾಯಿ ತೆರೆಯುವಷ್ಟರಲ್ಲಿ ಒಡತಿ ಒರೆಸುವ ಬಟ್ಟೆ ತಂದರು. ಮೊದಲು ಒರೆಸಿದ್ದು ತಮ್ಮನ್ನು. ಮಿಜೊಕಾಮಿ ಅರ್ಧ ತಿಂದು ಎದ್ದುಹೋದ. ಶುಕ್ರವಾರ ಶುಕ್ರವಾರ ಈಗಲೂ ಬರುತ್ತಾನೆ, ನಾನು ಬಾಟಲಿ ಮುಟ್ಟಿದರೆ ಸಾಕು, ಗ್ಲಾಸಿನ ಮೇಲೆ ಅಂಗೈ ಮುಚ್ಚುತ್ತಾನೆ.

ಆದಕಾರಣ ತಮ್ಮಲ್ಲಿ ಸವಿನಯ ಬೇಡಿಕೆಗಳು. ತಾವು ಒಂದು ಸಂಜೆಯ ಮಟ್ಟಿಗೆ ನಾಲ್ಕು ಬೆರಳು ಗಿಡ್ಡವಾಗಬೇಕು. ಆಗದಿದ್ದರೆ ಬಾಟಲಿಯ ಕುತ್ತಿಗೆ ಹಿಡಿಸುವಷ್ಟು ತೂತು ಹೊಟ್ಟೆಯಲ್ಲಿ ಬಿಟ್ಟುಕೊಳ್ಳಬೇಕು. ಅದೂ ಆಗದಿದ್ದರೆ, ಮುದುಕನೊಬ್ಬ ಮುದುಕನಿಗೆ ಒಂದು ಮಾತು ಹೇಳಿ ಮುಗಿಸುವ ತನಕ ಎದ್ದು ಅಡುಗೆಮನೆಗೆ ಹೋಗಿ ಬರಬೇಕು. ನೀರು ಕುಡಿಯುವ ನೆಪ ಹೇಳಿದರಾಯಿತು, ನಾವು ಯಾರೂ ತಪ್ಪು ತಿಳಿಯುವುದಿಲ್ಲ.

ತಮ್ಮ ಎಡಮಗ್ಗುಲಿನ ವಿಶ್ವಾಸಿ,
ಹಿಸಾತೊಮಿ ಗೆನ್‌ಜೋ

ಮತ್ತೊಂದು ಮಾತು: ಈ ಕಾಗದವನ್ನು ತಮ್ಮ ಮೈಗೇ ಅಂಟಿಸಿದ್ದೇನೆ, ಬರಹ ನಾಲ್ಕನೇ ಸ್ಟೂಲಿನ ಕಡೆಗಿದೆ. ಅದು ಕೈತಪ್ಪಿ ಆದದ್ದಲ್ಲ. ತಮಗೆ ಕೈಯಿಲ್ಲ, ಉತ್ತರ ಬರೆಯಲಾರಿರಿ ಎಂಬಷ್ಟು ತಿಳಿವಳಿಕೆ ಶಾಲೆ ಬಿಟ್ಟವನಿಗೂ ಇದೆ. ಆಚೆ ಕೂತು ಓದುತ್ತಿರುವ, ಕೈಯಿರುವ ಗೃಹಸ್ಥರು ಖಾಲಿ ಗ್ಲಾಸನ್ನು ಹಲಗೆಯ ಈಚೆಗಿಟ್ಟರೆ ಉತ್ತರ ಬಂತೆಂದು ತಿಳಿಯುತ್ತೇನೆ. ತಪ್ಪು ನನ್ನದು. ನವೆಂಬರ್ ಇಪ್ಪತ್ತಾರು, ಶುಕ್ರವಾರ, ಸಂಜೆ ಆರು ಗಂಟೆಯೊಳಗೆ ಉತ್ತರ ಬೇಕು.