ಕಾಕಾನ ಮನೆಯಲ್ಲಿ ಹಿಂಡುವಂತಿಲ್ಲ

ಒದ್ದೆ ಬಟ್ಟೆಯ ಕಷ್ಟಕ್ಕೆ ಮರುಗಿದ ಮನುಷ್ಯ ಇಡೀ ಧಾರವಾಡದಲ್ಲಿ ಒಬ್ಬರೇ, ನಮ್ಮ ಕಾಕಾ! ಮಾಳಮಡ್ಡಿಯ ಅವರ ಹಿತ್ತಲಲ್ಲಿ ಹಿಂಡದ ಸೀರೆ, ಧೋತರಗಳು ತಂತಿಯ ಮೇಲೆ ಮಧ್ಯಾಹ್ನದವರೆಗೂ ತೊಟ್ಟಿಕ್ಕುತ್ತಿದ್ದವು. ಸುತ್ತೆಲ್ಲ ಬಿಸಿಲು, ಅಲ್ಲೊಂದು ಕಡೆ ಮಾತ್ರ ಮಳೆ. ಎರಡು ಸೀರೆಗಳ ನಡುವೆ ಕುರ್ಚಿ ಹಾಕಿಕೊಂಡು, ಆ ಸದ್ದು ಕೇಳುತ್ತ, ಎಷ್ಟೋ ರಜೆಗಳನ್ನು ನಾನು ಅರೆನಿದ್ದೆಯಲ್ಲೇ ಕಳೆದಿದ್ದೇನೆ.

ಇದಕ್ಕೆಲ್ಲ ಕಾರಣ ಡಾಕ್ಟರು. ಕಾಕಾನ ಹೆಂಡತಿ, ನಮ್ಮ ಕಾಕೂಗೆ ದಮ್ಮು. ಉಸಿರು ಸಿಕ್ಕಿಕೊಂಡಾಗ ಮಾತ್ರ ಬಾಯಿಗೆ ಔಷಧದ ಪಂಪು, ಉಳಿದ ದಿನ ಅದು ಕಪಾಟಿನಲ್ಲಿ. ದಿನವೂ ತೆಗೆದುಕೊಂಡರೆ ಚಟ ಹತ್ತುತ್ತದೆ ಎಂಬುದು ಕಾಕಾ ಮಾಡಿದ ಕಾಯಿದೆ. ಡಾಕ್ಟರು ಅದನ್ನು ಕೇಳಿ ತಲೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. ಸಮಾಧಾನದಿಂದ ತಿಳಿಸಿ ಹೇಳಿದರು:

“ದಮ್ಮು ಹತ್ತಿದಾಗ ಉಸಿರಿನ ಕೊಳವಿ ಬಿಗೀತದರಿ. ಒಳಪದರದ ಜೀವಕೋಶ ಎಲ್ಲಾ ನುಗ್ಗಾಗತಾವ. ಧೂಳು, ಥಂಡಿ ಅಷ್ಟ ಅಲ್ಲ, ಆ ಹಿಂಡೂದೂ ಗಾಯ ಮಾಡತದ, ಆ ಗಾಯ ಮತ್ತ ದಮ್ಮು ಕರೀತದ ಅಂತ ಈಗ ಸಂಶೋಧನಾ ಮಾಡಿದವರು ಹೇಳಾಕತ್ತಾರ. ದಿನಾ ಹಿಂಡಿದ್ರ ಸೀರಿ ನೂಲು ಏನಾಗತದ ಹೇಳ್ರಿ? ಹಂಗ. ದಮ್ಮು ಬರೂತನಕ ಕಾಯಬ್ಯಾಡ್ರಿ, ಬರದಂಗ ನೋಡ್ಕೋರಿ. ಪಂಪು ದಿನಾ ಬೇಕು.”

ಪಂಪು ದಿನಾ ಶುರುವಾಯಿತು, ಖರೆ. ಆದರೆ ಕಾಕಾನ ತಲೆಯಲ್ಲಿ ಉಳಿದದ್ದು ಸೀರೆ! ಅಂದಿನಿಂದ ಆ ಮನೆಯಲ್ಲಿ ಏನನ್ನೂ ಹಿಂಡುವಂತಿಲ್ಲ. ಚಿತ್ರಾನ್ನದ ಮೇಲೆ ಲಿಂಬೆಹಣ್ಣಿನ ಹೋಳು ಇಟ್ಟು, “ರಸ ತಾನ ಇಳೀಲಿ” ಎಂದು ಕಾಯುವುದು. ಮೊಸರಿನ ಗಂಟನ್ನೂ ಒತ್ತುವಂತಿಲ್ಲ. ಶ್ರೀಖಂಡವನ್ನು ಲೋಟದಲ್ಲಿ ಕುಡಿದ ಬೀಗರು ಇನ್ನೆಲ್ಲಾದರೂ ಇದ್ದಾರೆಯೇ?

ಹುಬ್ಬಳ್ಳಿ ಬಸ್ಸಿನಲ್ಲಿ ಒಮ್ಮೆ ಕಂಡಕ್ಟರನಿಗೇ ಪಾಠ ಹೇಳಿದರು.

“ಮಂದಿನ್ನ ಹಿಂಗ ಹಿಂಡಬ್ಯಾಡಪಾ, ಒಳಪದರ ಕೆಡತದ.”

“ಒಳಪದರ ಮನ್ಯಾಗ ಇಟ್ಟು ಬರ್ರಿ ಕಾಕಾ. ಈಗ ಸ್ವಲ್ಪ ಒಳಗ ಸರೀರಿ.”

ಒಂದು ದಿನ ತಡೆಯಲಾರದೆ ಕಾಕೂವನ್ನು ಕೇಳಿದೆ, ಬಟ್ಟೆಗೂ ನಿನ್ನ ಉಸಿರಿಗೂ ಏನು ಸಂಬಂಧ ಎಂದು.

“ಇಲ್ಲಂತ ಅವರಿಗೂ ಗೊತ್ತದ,” ಎಂದಳು. “ಆ ಕೊಳವ್ಯಾಗ ಕೈ ಹಾಕಾಕ ಬರಂಗಿಲ್ಲಲ್ಲ. ಅದಕ್ಕ ಕೈಗೆ ಸಿಕ್ಕದ್ದನ್ನೆಲ್ಲಾ ಕಾಯತಾರ.”

ಆ ವರ್ಷ ದೀಪಾವಳಿ ಪಟಾಕಿಯ ಹೊಗೆಗೆ ಕಾಕೂಗೆ ಮತ್ತೆ ದಮ್ಮು ಹತ್ತಿತು. ಕಾಕಾ ಪಂಪು ಕೊಟ್ಟು, ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರಿಗೆ ಕುಳಿತರು. ಅವಳ ಉಸಿರು ಎಲ್ಲಿ ಸಿಕ್ಕಿಕೊಳ್ಳುತ್ತಿತ್ತೋ ಅಲ್ಲೇ ಅವರದೂ ನಿಲ್ಲುತ್ತಿತ್ತು. ನನಗೆ ಇಬ್ಬರ ಬಗ್ಗೆಯೂ ಹೆದರಿಕೆಯಾಯಿತು. ನಿಧಾನವಾಗಿ ಅವಳ ಎದೆ ಸಡಿಲವಾಯಿತು, ಮುಖಕ್ಕೆ ಬಣ್ಣ ಬಂತು. ಕಾಕಾ ಮಾತ್ರ ಇನ್ನೂ ಹಾಗೇ, ಕಣ್ಣು ಮಿಟುಕಿಸದೆ, ಉಸಿರು ಬಿಗಿಹಿಡಿದು ಕುಳಿತೇ ಇದ್ದರು.

ಕಾಕೂ ಅವರ ಕೆನ್ನೆ ಮುಟ್ಟಿದಳು.

“ಸಾಕ್ರಿ. ನಂದು ಬಂತು. ಇನ್ನ ನಿಮ್ಮದು ನೀವು ತಗೋರಿ.”