ಕಾಯಿ ಬಿಡದ ತೆಂಗಿನ ಮರಕ್ಕೆ ಹೆಸರಿನ ಅರ್ಹತೆ

ಮರಗಳ ಹೆಸರು ವರ್ಗೀಕರಣ ಶಾಖೆ, ತಿಪಟೂರು ಶಿಬಿರ
ಸಂಖ್ಯೆ: ಮ.ಹೆ.ವ/ತೆಂಗು/ಅರ್ಧ/37

ವಿಷಯ: ಶೆಟ್ಟಿಕೆರೆಯ ಕೆಂಪಕ್ಕನವರು ತೆಂಗಿನ ಮರವೊಂದಕ್ಕೆ ಅನಧಿಕೃತ ಹೆಸರು ಬರೆಸಿರುವ ಬಗ್ಗೆ.

ಉಲ್ಲೇಖ: (1) ಕೆಂಪಕ್ಕನವರ ಮರಗಣತಿ ನಮೂನೆ. (2) ಕೆಂಪಕ್ಕನವರ ಬೈಗುಳ, ಮೌಖಿಕ, ಎರಡು ಕಂತು.

1. ನಮೂನೆಯ ‘ಸಸ್ಯಶಾಸ್ತ್ರೀಯ ಹೆಸರು’ ಕಲಮಿನಲ್ಲಿ ಕೆಂಪಕ್ಕನವರು ‘ಸರ್ವಮಂಗಳ’ ಎಂದು ಬರೆಸಿರುತ್ತಾರೆ. ಮಗು ಹುಟ್ಟಿದ ದಿನ ಸಸಿ ನೆಟ್ಟು, ಮಗುವಿನ ಹೆಸರಿನಿಂದಲೇ ಮರವನ್ನೂ ಕರೆಯುವುದು ಅವರ ಮನೆಯ ಪದ್ಧತಿಯಂತೆ. ಇಂಥ ಸಲುಗೆಗೆ ನಿಯಮದಲ್ಲಿ ಅವಕಾಶವಿರುವುದಿಲ್ಲ.

2. ತೆಂಗಿನ ಅಧಿಕೃತ ಹೆಸರು ‘ಕೋಕೋಸ್ ನ್ಯೂಸಿಫೆರಾ’. ಕಾಯಿಯ ಮೂರು ಕಣ್ಣು ಕಂಡ ಪೋರ್ಚುಗೀಸ್ ನಾವಿಕರಿಗೆ ಅದು ಹಲ್ಲುಕಿರಿದ ಗುಮ್ಮನ (ಅವರ ಮಾತಿನಲ್ಲಿ ‘ಕೋಕೋ’) ಮುಖದಂತೆ ತೋರಿದ್ದರಿಂದ ಮೊದಲ ಪದ ಬಂತೆನ್ನಲಾಗಿದೆ. ಎರಡನೆಯದಕ್ಕೆ ಲ್ಯಾಟಿನ್‌ನಲ್ಲಿ ‘ಕಾಯಿ ಹೊರುವ’ ಎಂದರ್ಥ. ಕುಟುಂಬ ತಾಳೆಯದು, ಈ ಕುಲದಲ್ಲಿರುವ ಪ್ರಭೇದ ಇದೊಂದೇ.

3. ಆದಕಾರಣ ಕಾಯಿ ಹೊರದ ಮರವು ಎರಡನೆಯ ಪದವನ್ನು ಬಳಸತಕ್ಕದ್ದಲ್ಲ ಎಂದು ಈ ಮೂಲಕ ಸೂಚಿಸಲಾಗಿದೆ. ಸುಲಿದ ಕಾಯಿಯ ಮುಖ ನೋಡಿ ಸಿಬ್ಬಂದಿ ಬೆದರದಿದ್ದಲ್ಲಿ ಮೊದಲ ಪದವೂ ರದ್ದು. ಬೆದರುವ ಕೆಲಸಕ್ಕೆ ಶ್ರೀ ಶಂಭುಲಿಂಗಯ್ಯನವರನ್ನು ನಿಯೋಜಿಸಲಾಗಿದೆ. ರಜೆಯ ದಿನಗಳಲ್ಲಿ ಅವರು ಬೆದರತಕ್ಕದ್ದಲ್ಲ.

4. ಸದರಿ ಮರ ಆರು ವರ್ಷದಿಂದ ಕಾಯಿ ಬಿಟ್ಟಿಲ್ಲ; ಕಾಯಿಯೇ ಇಲ್ಲದ್ದರಿಂದ ಬೆದರಲು ಮುಖವೂ ಇಲ್ಲ. ಎರಡೂ ಪದಕ್ಕೆ ಅನರ್ಹವಾದ್ದರಿಂದ ವರ್ಗರಹಿತವೆಂದು ಘೋಷಿಸಿ, ಕಡಿಯಲು ಆದೇಶಿಸಲಾಗಿತ್ತು. ಕೊಡಲಿ ಒಯ್ದ ಸಿಬ್ಬಂದಿಗೆ ಕೆಂಪಕ್ಕನವರು ಕೊಟ್ಟ ಹೇಳಿಕೆ ಯಥಾವತ್ತು: “ಕಾಯಿ ಬುಡ್ನಿಲ್ಲ ಅಂತ ಹೆಸ್ರು ಕಿತ್ಕೊಂತೀರಾ? ನಾನೂ ಮುದುಕಿ ಕಣ್ರೀ, ಮೊದ್ಲು ನನ್ನ ಕಡೀರಿ! ಆ ಮರ ಮುಟ್ಟಿದ್ರೆ ನೋಡಿ ಮತ್ತೆ, ನಿಮ್ಮ ಸೀಲು ಮುರ್ದೋಗ!” ಹೇಳಿಕೆಯ ಎರಡನೇ ಕಂತು ಕಡತದಲ್ಲಿಡಲು ಯೋಗ್ಯವಲ್ಲ.

5. ಮರಕ್ಕೂ ಮಗಳಿಗೂ ಹೆಸರು ಒಂದೇ ಇರುವಲ್ಲಿ ಕಡಿತಕ್ಕೆ ಮಗಳ ಒಪ್ಪಿಗೆ ಸಹಿ ಕಡ್ಡಾಯ. ಅದಕ್ಕಾಗಿ ಗುಮಾಸ್ತ ದಯಾನಂದ್ ನೋಟಿಸು ಒಯ್ದು, ಸರ್ವಮಂಗಳ ಎಲ್ಲಿ ಎಂದು ವಿಚಾರಿಸಿದರು. ಕೆಂಪಕ್ಕನವರು ಈ ಸಲ ಬೈಯಲಿಲ್ಲ. ಮರವನ್ನು ತೋರಿಸಿ ಸೆರಗಿನಿಂದ ಕಣ್ಣೊರೆಸಿಕೊಂಡರು. ದಯಾನಂದ್ ಅವರ ವರದಿ: “ಮಗಳು ಒಂಬತ್ತನೇ ವರ್ಷಕ್ಕೇ ತೀರಿಕೊಂಡಿರುತ್ತಾಳೆ. ಸದರಿ ವಿಳಾಸದಲ್ಲಿ ಆ ಹೆಸರಿನವರು ಈ ಮರ ಬಿಟ್ಟು ಬೇರೆ ಯಾರೂ ಉಳಿದಿಲ್ಲ.”

6. ಕಡಿತದ ಆದೇಶವನ್ನು ಹಿಂಪಡೆಯಲಾಗಿದೆ. ಕೆಂಪಕ್ಕನವರು ಬರೆಸಿದ ಹೆಸರೇ ಕಲಮಿನಲ್ಲಿ ಇರತಕ್ಕದ್ದು.

ಸಹಿ/-
ಅಧೀಕ್ಷಕರು (ಪ್ರಭಾರ)

ಪ್ರತಿ:
1. ಕೊಡಲಿ ದಾಸ್ತಾನು ವಿಭಾಗ: ಒಂದು ಕೊಡಲಿ ವಾಪಸ್ ಪಡೆಯಲು.
2. ಶ್ರೀ ಶಂಭುಲಿಂಗಯ್ಯ: ಬೆದರುವುದನ್ನು ನಿಲ್ಲಿಸಲು.
3. ಶ್ರೀಮತಿ ಕೆಂಪಕ್ಕ: ದಯಾನಂದ್ ಅವರೇ ಹೋಗಿ ಓದಿ ಹೇಳುವುದು.
4. ಸರ್ವಮಂಗಳ, ಕೆಂಪಕ್ಕನವರ ತೋಟ, ಶೆಟ್ಟಿಕೆರೆ: ಬುಡದಲ್ಲಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಕಲ್ಲಿಡುವುದು.